ಅಲ್ಪವ್ಯಯದಲ್ಲಿ ಆಕಾಶದ ಛಾಯಾಚಿತ್ರಣ

1882ನೆಯ ಇಸವಿಯ ಸೆಪ್ಟೆಂಬರು ತಿಂಗಳಲ್ಲಿ, ಹಗಲಿನಲ್ಲಿಯೂ ಕಾಣುವಷ್ಟು ಉಜ್ಜ್ವಲವಾದ ಧೂಮಕೇತುವೊಂದು ಸೂರ್ಯನಿಗೆ ಅತಿ ಸಮೀಪದಲ್ಲಿ ಹಾದುಹೋಯಿತು. ಆಫ್ರಿಕದ ದಕ್ಷಿಣ ತುದಿಯಲ್ಲಿ ಗುಡ್ ಹೋಪ್ ಭೂಶಿರದ ವೀಕ್ಷಣಾಲಯಕ್ಕೆ ಆಗ ಡೇವಿಡ್ ಗಿಲ್ ಎಂಬ ಖಗೋಳಜ್ಞನು ಮುಖ್ಯಸ್ಥನಾಗಿದ್ದನು. ಧೂಮಕೇತುವಿನ ಚಿತ್ರವನ್ನು ತೆಗೆಯಬೇಕೆಂಬ ಅಪೇಕ್ಷೆ ಅವನಿಗೆ ಬಲವಾಗಿತ್ತು. ಆದರೆ ಅದಕ್ಕೆ ತಕ್ಕ ಸಾಮಗ್ರಿ ಅವನಲ್ಲಿರಲಿಲ್ಲ. ಆದುದರಿಂದ ಸಮೀಪದ ಊರಿನಲ್ಲಿ ಭಾವಚಿತ್ರಗಳನ್ನು ತೆಗೆದು ಜೀವಿಸುತ್ತಿದ್ದ ಆಲಿಸ್ ಎಂಬ ಛಾಯಾಗ್ರಾಹಕನ ನೆರವನ್ನು ಅವನು ಬೇಡಿದನು. ಎರಡೂವರೆ ಅಂಗುಲ ವ್ಯಾಸದ ಸಾಮಾನ್ಯ ಮಸೂರವುಳ್ಳ ಆತನ ಕ್ಯಾಮೆರಾವನ್ನು ವೀಕ್ಷಣಾಲಯದ ದೂರದರ್ಶಕವೊಂದಕ್ಕೆ ಬಿಗಿದು ಕಟ್ಟಿ, ಇಬ್ಬರೂ ಸೇರಿ ಚಿತ್ರಗಳನ್ನು ತೆಗೆದರು. ಧೂಮಕೇತು ಚೆನ್ನಾಗಿಯೇ ಮೂಡಿತು. ಗಿಲ್ಲನನ್ನು ಬೆರಗುಗೊಳಿಸಿದುದು ಮಾತ್ರ ಅದರ ಹಿಂದೆ ಫಲಕದ ತುಂಬ ಹರಡಿಕೊಂಡಿದ್ದ ನಕ್ಷತ್ರಗಳು. ದಕ್ಷಿಣಾಕಾಶದ ನಕ್ಷತ್ರಪಟ್ಟಿಯನ್ನು ಛಾಯಾಚಿತ್ರದಿಂದಲೇ ಏಕೆ ಸಿದ್ಧಪಡಿಸಬಾರದೆಂಬ ಆಲೋಚನೆ ಅವನಿಗೆ ಬಂದುದು ಆಗಲೇ. ಮುಂದೆ ಹಾಲೆಂಡಿನ ಕಾಪ್ಟೈನನು ಆ ಫಲಕಗಳನ್ನು ವರ್ಷಗಟ್ಟಲೆ ಕುಳಿತು ಅಳೆದನು. 1896ರಿಂದ 1900ರ ವರೆಗೆ ಮೂರು ಸಂಪುಟಗಳಲ್ಲಿ ಪ್ರಕಟವಾದ ಆ ಪಟ್ಟಿಯಲ್ಲಿ 4,54,875 ನಕ್ಷತ್ರಗಳಿವೆ.

ಈ ಪ್ರಸಂಗವನ್ನು ಮೊದಲಲ್ಲಿಯೇ ಹೇಳಿದುದಕ್ಕೆ ಕಾರಣವುಂಟು. ಆಕಾಶದ ಚಿತ್ರಗಳನ್ನು ತೆಗೆಯಬೇಕೆಂದು ನಮ್ಮ ವಿಭಾಗಕ್ಕೆ ಬರುವ ವಿದ್ಯಾರ್ಥಿಗಳು ಮೊದಲು ಕೇಳುವ ಪ್ರಶ್ನೆ, ಯಾವ ದೂರದರ್ಶಕವನ್ನು ಕೊಳ್ಳಬೇಕು ಎಂಬುದು. ಗಿಲ್ಲನ ಚಿತ್ರಗಳಲ್ಲಿ ಬೆಳಕನ್ನು ಸಂಗ್ರಹಿಸಿದುದು ದೂರದರ್ಶಕವಲ್ಲವೆಂಬುದನ್ನು ಅವರು ಗಮನಿಸಬೇಕು. ಸಂಗ್ರಹಿಸಿದುದು ಎರವಲು ತಂದ ಮಸೂರ. ದೂರದರ್ಶಕವು ಮಾಡಿದ ಕೆಲಸ, ಆಕಾಶದೊಡನೆ ಸಮವೇಗದಲ್ಲಿ ತಿರುಗುತ್ತ ಆ ಕ್ಯಾಮೆರಾವನ್ನು ಹೊತ್ತುಕೊಂಡಿದ್ದುದು. ಹಣ ಕಡಮೆಯಿರುವವನು ಯಾವುದಕ್ಕೆ ಮೊದಲು ವೆಚ್ಚ ಮಾಡಬೇಕು, ಯಾವುದಕ್ಕೆ ಕಡೆಗೆ ಮಾಡಬೇಕು ಎಂಬ ವಿವೇಚನೆಯೆಲ್ಲವೂ ಈ ಒಂದು ಭೇದದಿಂದ ಹೊರಡುತ್ತದೆ. ಅದನ್ನು ಲೆಕ್ಕದ ಮೂಲಕ ತೋರಿಸುವುದು ಈ ಲೇಖನದ ಉದ್ದೇಶ.

ಉದಾಹರಣೆಗೆ ಒಂದೇ ಒಂದು ವಸ್ತುವನ್ನು ತೆಗೆದುಕೊಳ್ಳೋಣ. ಮಹಾವ್ಯಾಧ ನಕ್ಷತ್ರಪುಂಜವು ಡಿಸೆಂಬರಿನಿಂದ ಮಾರ್ಚಿಯ ವರೆಗೆ ನಮ್ಮ ನಾಡಿನ ರಾತ್ರಿಯಾಕಾಶದಲ್ಲಿ ಎತ್ತರದಲ್ಲಿ ಕಾಣುತ್ತದೆ. ಒಂದೇ ಸಾಲಿನಲ್ಲಿರುವ ಮೂರು ನಕ್ಷತ್ರಗಳ ನಡುಪಟ್ಟಿಯಿಂದ ಅದನ್ನು ಯಾರು ಬೇಕಾದರೂ ಗುರುತಿಸಬಹುದು. ಪಟ್ಟಿಯಿಂದ ಕೆಳಗೆ ತೂಗುವ ಖಡ್ಗದ ನಡುವೆ ಮಬ್ಬಾಗಿ ತೋರುವ ಚುಕ್ಕೆಯೇ ಮಹಾನೀಹಾರಿಕೆ. ನಮ್ಮಿಂದ ಸುಮಾರು 1,340 ಜ್ಯೋತಿರ್ವರ್ಷಗಳ ದೂರದಲ್ಲಿ, ಹೊಸ ನಕ್ಷತ್ರಗಳು ಮೈತಳೆಯುತ್ತಿರುವ ಅನಿಲರಾಶಿ. ನೀಹಾರಿಕೆಗಳಲ್ಲಿ ಮೊಟ್ಟಮೊದಲು ಛಾಯಾಚಿತ್ರದಲ್ಲಿ ಸೆರೆಸಿಕ್ಕಿದುದು ಇದೇ. 1880ರ ಸೆಪ್ಟೆಂಬರು 30ರಂದು ಅಮೆರಿಕದ ಹೆನ್ರಿ ಡ್ರೇಪರನು 11 ಅಂಗುಲದ ದೂರದರ್ಶಕದಿಂದ, ಸುಮಾರು 50 ನಿಮಿಷಗಳ ಕಾಲ ಫಲಕವನ್ನು ಬೆಳಕಿಗೆ ಒಡ್ಡಿ, ಅದನ್ನು ಪಡೆದನು. ಡ್ರೇಪರನು ವೃತ್ತಿಯಿಂದ ವೈದ್ಯ. ಅನುಕೂಲಸ್ಥನೂ ಹೌದು, ನಾವು ಆ ಭಾಗವನ್ನು ಅನುಸರಿಸುವಂತಿಲ್ಲ.

ನಮಗೆ ಬೇಕಾದುದು ಹಳೆಯದಾದರೂ ಕೆಟ್ಟಿರದ ಒಂದು ಡಿಎಸ್‌ಎಲ್‌ಆರ್ ಕ್ಯಾಮೆರಾ, 50 ಮಿಲಿಮೀಟರು ಸಂಗಮದೂರದ ಮಸೂರ, ಮತ್ತು ಅಲುಗಾಡದ ಒಂದು ಟ್ರೈಪಾಡು. ಮಧ್ಯಮ ಬೆಲೆಯ ಮೊಬೈಲ್ ಫೋನಿಗೆ ಕೊಡುವ ಹಣದಲ್ಲಿ, ಬಳಸಿ ಬಿಟ್ಟ ಸರಕುಗಳನ್ನು ಮಾರುವ ಅಂಗಡಿಗಳಲ್ಲಿ ಇಷ್ಟೂ ದೊರೆಯುತ್ತವೆ. ಮದುವೆಗಳ ಚಿತ್ರ ತೆಗೆಯುವವರು ಹೊಸ ಕ್ಯಾಮೆರಾ ಕೊಂಡಾಗ ಹಳೆಯದನ್ನು ಮೂಲೆಗಿಟ್ಟಿರುತ್ತಾರೆ. ಎರವಲಿಗೆ ಕೇಳುವುದರಲ್ಲಿ ಸಂಕೋಚ ಪಡಬೇಕಾದುದಿಲ್ಲ, ಗಿಲ್ಲನೇ ಪಡಲಿಲ್ಲ. ಕ್ಯಾಮೆರಾದಲ್ಲಿ ಮೂರು ಗುಣಗಳಿದ್ದರೆ ಸಾಕು: ಒಡ್ಡುವ ಕಾಲವನ್ನು ನಾವೇ ನಿಗದಿಮಾಡುವಂತಿರಬೇಕು, ಮಸೂರವನ್ನು ಕೈಯಿಂದ ಹೊಂದಿಸುವಂತಿರಬೇಕು, ಮತ್ತು ಸಂವೇದಕವು ಕಂಡುದನ್ನು ಪರಿಷ್ಕರಿಸದೆ ‘ರಾ’ ಎಂಬ ರೂಪದಲ್ಲಿ ಉಳಿಸುವಂತಿರಬೇಕು. ಈ ಮೂರನೆಯದು ಎಲ್ಲಕ್ಕಿಂತ ಮುಖ್ಯ. ಕಾರಣ ಮುಂದೆ ತಿಳಿಯುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಭೂಮಿಯ ಆವರ್ತನದಿಂದಾಗಿ ಆಕಾಶವು ನಮ್ಮ ಕಣ್ಣಿಗೆ ಪೂರ್ವದಿಂದ ಪಶ್ಚಿಮಕ್ಕೆ ತಿರುಗುತ್ತದೆ. ವಿಷುವದ್ವೃತ್ತದ ಸಮೀಪದ ನಕ್ಷತ್ರವೊಂದು ಒಂದು ಸೆಕೆಂಡಿನಲ್ಲಿ 15 ವಿಕಲೆಗಳಷ್ಟು ಸರಿಯುತ್ತದೆ. ಡಿಗ್ರಿಯ 3,600ನೆಯ ಒಂದು ಭಾಗಕ್ಕೆ ವಿಕಲೆಯೆಂದು ಹೆಸರು. ಕ್ಯಾಮೆರಾದ ಸಂವೇದಕವು ಪಿಕ್ಸೆಲ್ ಎಂಬ ಸಣ್ಣ ಚೌಕಗಳಿಂದಾಗಿದೆ. ಒಂದು ಪಿಕ್ಸೆಲಿನ ಅಗಲ 4.3 ಮೈಕ್ರಾನು ಎಂದಿಟ್ಟುಕೊಂಡರೆ, 50 ಮಿಲಿಮೀಟರಿನ ಮಸೂರದ ಹಿಂದೆ ಅದು ಆಕಾಶದ ಸುಮಾರು 18 ವಿಕಲೆಗಳನ್ನು ಆವರಿಸುತ್ತದೆ. ಅಂದರೆ, ಹತ್ತು ಸೆಕೆಂಡುಗಳ ಕಾಲ ಒಡ್ಡಿದರೆ ನಕ್ಷತ್ರವು ಎಂಟಕ್ಕೂ ಹೆಚ್ಚು ಪಿಕ್ಸೆಲುಗಳನ್ನು ದಾಟಿ ಗೀಟಾಗುತ್ತದೆ. ಮೂರು ಸೆಕೆಂಡುಗಳಲ್ಲಿ ಎರಡೂವರೆ ಪಿಕ್ಸೆಲು, ಇದನ್ನು ಕಣ್ಣು ಸಹಿಸಿಕೊಳ್ಳುತ್ತದೆ. ಸಂಗಮದೂರದಿಂದ 500ನ್ನು ಭಾಗಿಸಿದರೆ ಒಡ್ಡುವ ಕಾಲವು ಸೆಕೆಂಡುಗಳಲ್ಲಿ ದೊರೆಯುತ್ತದೆಂಬ ರೂಢಿಯ ಸೂತ್ರವೊಂದುಂಟು. ಅದು ಫಿಲಂ ಕ್ಯಾಮೆರಾಗಳ ಕಾಲದ ಔದಾರ್ಯ. ಈಗಿನ ಸಂವೇದಕಗಳ ಸೂಕ್ಷ್ಮತೆಗೆ ಅದು ಹೊಂದುವುದಿಲ್ಲವಾದುದರಿಂದ ಅದನ್ನು ನಂಬಿ ಕೆಡಬಾರದು.

ಹಾಗಾದರೆ ಡ್ರೇಪರನಿಗೆ 50 ನಿಮಿಷ ಬೇಕಾದ ನೀಹಾರಿಕೆಯು ನಮಗೆ ಮೂರು ಸೆಕೆಂಡುಗಳಲ್ಲಿ ದಕ್ಕೀತೆ? ಒಂದು ಚಿತ್ರದಲ್ಲಿ ದಕ್ಕುವುದು ಕೇವಲ ಅದರ ಸುಳಿವು. ಆದರೆ ಅದೇ ಚಿತ್ರವನ್ನು ಮುನ್ನೂರು ಸಲ ತೆಗೆದು, ನಕ್ಷತ್ರಗಳು ಒಂದರ ಮೇಲೊಂದು ಬರುವಂತೆ ಗಣಕಯಂತ್ರದಲ್ಲಿ ಹೊಂದಿಸಿ ಸರಾಸರಿ ತೆಗೆದರೆ, ಒಟ್ಟು ಹದಿನೈದು ನಿಮಿಷಗಳ ಬೆಳಕು ಸೇರಿದಂತಾಗುತ್ತದೆ. ಇಲ್ಲಿಯ ತತ್ತ್ವ ಸರಳವಾದುದು. ನೀಹಾರಿಕೆಯ ಬೆಳಕು ಪ್ರತಿಯೊಂದು ಚಿತ್ರದಲ್ಲಿಯೂ ಅದೇ ಸ್ಥಳದಲ್ಲಿರುತ್ತದೆ. ಸಂವೇದಕದ ಮತ್ತು ಬೆಳಕಿನ ಕಣಗಳ ಅನಿಯತವಾದ ಏರಿಳಿತಗಳು ಮಾತ್ರ ಚಿತ್ರದಿಂದ ಚಿತ್ರಕ್ಕೆ ಬೇರೆಬೇರೆಯಾಗಿ ಬಂದು, ಸರಾಸರಿಯಲ್ಲಿ ಒಂದನ್ನೊಂದು ಅಳಿಸಿಕೊಳ್ಳುತ್ತವೆ. ಈ ಲಾಭವು ಚಿತ್ರಗಳ ಸಂಖ್ಯೆಯ ವರ್ಗಮೂಲವನ್ನು ಅನುಸರಿಸುತ್ತದೆ. ನಾಲ್ಕು ಚಿತ್ರಗಳಿಂದ ಎರಡು ಪಟ್ಟು, ನೂರರಿಂದ ಹತ್ತು ಪಟ್ಟು, ಮುನ್ನೂರರಿಂದ ಸುಮಾರು ಹದಿನೇಳು ಪಟ್ಟು ಸ್ವಚ್ಛವಾದ ಚಿತ್ರ ದೊರೆಯುತ್ತದೆ. ವರ್ಗಮೂಲವೆಂಬುದು ಜಿಪುಣ ಯಜಮಾನನಂತೆ. ಮೊದಮೊದಲು ಧಾರಾಳವಾಗಿ ಕೂಲಿ ಕೊಟ್ಟು, ಬರಬರುತ್ತ ಕೈ ಬಿಗಿಹಿಡಿಯುತ್ತದೆ.

ಕೆಲಸದ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಮಸೂರದ ದ್ವಾರವನ್ನು ಎಫ್ 2.8ಕ್ಕೆ ಇಳಿಸುವುದು, ಪೂರ್ಣವಾಗಿ ತೆರೆದರೆ ಅಂಚಿನ ನಕ್ಷತ್ರಗಳು ರೆಕ್ಕೆ ಬಿಚ್ಚಿದ ಹಕ್ಕಿಗಳಾಗುತ್ತವೆ. ಐಎಸ್‌ಓ ಎಂಬ ಸೂಕ್ಷ್ಮತೆಯ ಅಂಕವನ್ನು 800 ಅಥವಾ 1600ರಲ್ಲಿಡುವುದು. ಮಸೂರವನ್ನು ಹೊಂದಿಸುವಾಗ ಅದರ ಬಳೆಯ ಮೇಲೆ ಕೆತ್ತಿರುವ ಅನಂತದೂರದ ಗುರುತನ್ನು ನಂಬಕೂಡದು. ಪ್ರಸ್ತುತ ಲೇಖಕನು ತನ್ನ ಮೊದಲ ಚಳಿಗಾಲದಲ್ಲಿ ಆ ಗುರುತನ್ನೇ ನಂಬಿ, ಎರಡು ರಾತ್ರಿಗಳ ನಿದ್ರೆಯನ್ನು ತೆತ್ತು, ನಕ್ಷತ್ರಗಳಿಗೆ ಬದಲಾಗಿ ಬೋಂಡಗಳಂತಹ ಉಂಡೆಗಳನ್ನು ಸಂಪಾದಿಸಿದನು. ಪ್ರಕಾಶಮಾನವಾದ ನಕ್ಷತ್ರವೊಂದನ್ನು ಕ್ಯಾಮೆರಾದ ಹಿಂದಿನ ಪರದೆಯ ಮೇಲೆ ಹತ್ತು ಪಟ್ಟು ಹಿಗ್ಗಿಸಿ, ಅದು ಅತ್ಯಂತ ಸಣ್ಣ ಬಿಂದುವಾಗುವ ವರೆಗೆ ಬಳೆಯನ್ನು ತಿರುಗಿಸಿ, ಅನಂತರ ಬಳೆ ಜರುಗದಂತೆ ಅಂಟುಪಟ್ಟಿಯನ್ನು ಸುತ್ತಬೇಕು. ಗುಂಡಿಯನ್ನು ಬೆರಳಿನಿಂದ ಒತ್ತಿದರೆ ಕ್ಯಾಮೆರಾ ನಡುಗುತ್ತದೆ. ಆದುದರಿಂದ ಎರಡು ಸೆಕೆಂಡು ತಡೆದು ಚಿತ್ರ ತೆಗೆಯುವ ಏರ್ಪಾಡನ್ನಾಗಲಿ, ಅಲ್ಪ ಬೆಲೆಗೆ ಸಿಗುವ ತಂತಿಯ ಗುಂಡಿಯನ್ನಾಗಲಿ ಬಳಸಬೇಕು. ಹದಿನೈದು ನಿಮಿಷಗಳಲ್ಲಿ ಆಕಾಶವು ಸುಮಾರು ನಾಲ್ಕು ಡಿಗ್ರಿಗಳಷ್ಟು ಸರಿಯುವುದರಿಂದ ಆಗಾಗ ಕ್ಯಾಮೆರಾವನ್ನು ಮರಳಿ ಪಟ್ಟಿಯ ಕಡೆಗೆ ತಿರುಗಿಸಿಕೊಳ್ಳುತ್ತಿರಬೇಕು.

ಇನ್ನು ಎರಡು ಬಗೆಯ ಚಿತ್ರಗಳನ್ನು ಆ ರಾತ್ರಿಯೇ ತೆಗೆಯದಿದ್ದರೆ ಮೇಲಿನ ಶ್ರಮದಲ್ಲಿ ಅರ್ಧ ವ್ಯರ್ಥ. ಮಸೂರದ ಮುಚ್ಚಳವನ್ನು ಹಾಕಿ, ಅಷ್ಟೇ ಕಾಲ, ಅದೇ ಸೂಕ್ಷ್ಮತೆಯಲ್ಲಿ, ಅದೇ ಚಳಿಯಲ್ಲಿ ಇಪ್ಪತ್ತು ಮೂವತ್ತು ಕತ್ತಲೆಯ ಚಿತ್ರಗಳನ್ನು ತೆಗೆಯಬೇಕು. ಸಂವೇದಕವು ಬೆಳಕಿಲ್ಲದಾಗಲೂ ತನ್ನಷ್ಟಕ್ಕೆ ತಾನೇ ತೋರಿಸುವ ಹುಸಿ ಬೆಳಕು ಇವುಗಳಲ್ಲಿ ಮೂಡುತ್ತದೆ. ಅದನ್ನು ನಿಜವಾದ ಚಿತ್ರಗಳಿಂದ ಕಳೆಯಬಹುದು. ಎರಡನೆಯದು ಸಮಬೆಳಕಿನ ಚಿತ್ರಗಳು. ಬೆಳಗಿನ ಜಾವ ಆಕಾಶ ಬಿಳುಪೇರಿದ ಮೇಲೆ, ಮಸೂರದ ಹೊಂದಿಕೆಯನ್ನು ಕದಲಿಸದೆ, ಒಗೆದ ಬಿಳಿಯ ಪಂಚೆಯೊಂದನ್ನು ಎರಡು ಮಡಿಕೆಯಾಗಿ ಅದರ ಬಾಯಿಗೆ ಬಿಗಿದು ಇವುಗಳನ್ನು ತೆಗೆಯುವುದು. ಮಸೂರವು ನಡುವಿಗೆ ಹೆಚ್ಚು, ಅಂಚಿಗೆ ಕಡಮೆ ಬೆಳಕನ್ನು ಹಾಯಿಸುವ ದೋಷವೂ, ಸಂವೇದಕದ ಮೇಲೆ ಕುಳಿತ ಧೂಳಿನ ನೆರಳೂ ಇವುಗಳಲ್ಲಿ ಬಯಲಾಗುತ್ತವೆ. ಇವುಗಳಿಂದ ಭಾಗಿಸಿದರೆ ಆ ದೋಷಗಳು ಹೋಗುತ್ತವೆ. ಈ ಕಳೆಯುವ, ಭಾಗಿಸುವ, ಹೊಂದಿಸುವ ಕೆಲಸಗಳನ್ನೆಲ್ಲ ಮಾಡಲು ಸಿರಿಲ್, ಡೀಪ್‌ಸ್ಕೈಸ್ಟ್ಯಾಕರ್ ಮೊದಲಾದ ತಂತ್ರಾಂಶಗಳು ಉಚಿತವಾಗಿ ದೊರೆಯುತ್ತವೆ. ಕ್ಯಾಮೆರಾ ತಾನೇ ಪರಿಷ್ಕರಿಸಿ ಕೊಡುವ ಜೆಪೆಗ್ ಚಿತ್ರದಲ್ಲಿ ಬೆಳಕಿನ ಪ್ರಮಾಣವು ಈಗಾಗಲೇ ತಿರುಚಲ್ಪಟ್ಟಿರುವುದರಿಂದ ಈ ಅಂಕಗಣಿತ ಅದಕ್ಕೆ ಸಲ್ಲುವುದಿಲ್ಲ. ‘ರಾ’ ರೂಪವನ್ನು ಒತ್ತಿ ಹೇಳಿದುದು ಇದಕ್ಕಾಗಿ.

ಹೀಗೆ ಪಡೆದ ಚಿತ್ರದಲ್ಲಿ ನೀಹಾರಿಕೆಯು ಸುಮಾರು ಇನ್ನೂರು ಪಿಕ್ಸೆಲುಗಳಷ್ಟು ಅಗಲವಾಗಿ, ರೆಕ್ಕೆಗಳ ಆಕಾರ ಸ್ಪಷ್ಟವಾಗಿ ಕಾಣುವಂತೆ, ನಸುಗೆಂಪಾಗಿ ಮೂಡಿಬರುತ್ತದೆ. ದೊಡ್ಡ ವೀಕ್ಷಣಾಲಯಗಳ ಚಿತ್ರಗಳನ್ನು ನೋಡಿ ರೂಢಿಯಾದವರಿಗೆ ಇದು ಸಣ್ಣದೆಂದು ತೋರಬಹುದು. ಮುನ್ನೂರು ಚಿತ್ರಗಳನ್ನು ಸೇರಿಸಿ ಮೊದಲ ಬಾರಿಗೆ ಪರದೆಯ ಮೇಲೆ ತೆರೆದಾಗ ವಿದ್ಯಾರ್ಥಿಗಳ ಮುಖವನ್ನು ನೋಡಿದವರು ಹಾಗೆ ಹೇಳಲಾರರು.

ಇದುವರೆಗೆ ಹೇಳಿದುದರಲ್ಲಿ ಆಕಾಶದ ಕತ್ತಲೆಯ ಮಾತು ಬಂದಿಲ್ಲ. ನಗರದ ದೀಪಗಳಿಂದ ಬೆಳಗಿದ ಆಕಾಶವು ಹಳ್ಳಿಯ ಆಕಾಶಕ್ಕಿಂತ ಮೂರು ಕಾಂತಿಮಾನಗಳಷ್ಟು ಹೆಚ್ಚು ಪ್ರಕಾಶಮಾನವಾಗಿದೆಯೆಂದು ಭಾವಿಸೋಣ. ಮೂರು ಕಾಂತಿಮಾನವೆಂದರೆ ಸುಮಾರು ಹದಿನಾರು ಪಟ್ಟು ಬೆಳಕು. ಮಸುಕಾದ ನೀಹಾರಿಕೆಯೊಂದನ್ನು ಈ ಹಿನ್ನೆಲೆಯಿಂದ ಬೇರ್ಪಡಿಸಿ ಅಷ್ಟೇ ಸ್ವಚ್ಛವಾಗಿ ತೋರಿಸಬೇಕಾದರೆ ಒಡ್ಡುವ ಒಟ್ಟು ಕಾಲವನ್ನೂ ಹದಿನಾರು ಪಟ್ಟು ಹೆಚ್ಚಿಸಬೇಕಾಗುತ್ತದೆ. ಹಳ್ಳಿಯಲ್ಲಿ ಹದಿನೈದು ನಿಮಿಷಗಳಲ್ಲಿ ಆಗುವ ಕೆಲಸಕ್ಕೆ ನಗರದ ಮಾಳಿಗೆಯ ಮೇಲೆ ನಾಲ್ಕು ಗಂಟೆಗಳು. ಇದನ್ನು ಉಪಕರಣದಿಂದ ಸರಿದೂಗಿಸಹೊರಟರೆ ಎಷ್ಟು ಹಣ ಬೇಕೆಂಬುದನ್ನು ಯೋಚಿಸಿ, ಊರಿಗೆ ಹೋಗುವ ಕಡೆಯ ಬಸ್ಸಿನ ಚೀಟಿಯ ಬೆಲೆಯೊಡನೆ ಹೋಲಿಸಿ ನೋಡಬೇಕು. ಈ ಕಲೆಯಲ್ಲಿ ಖರ್ಚು ಮಾಡಿದ ರೂಪಾಯಿಗೆ ಅತ್ಯಧಿಕ ಫಲ ಕೊಡುವ ವಸ್ತು ಬಸ್ಸಿನ ಚೀಟಿಯೇ ಎಂದು ನಮ್ಮ ಅನುಭವ. ನಮ್ಮ ವಿದ್ಯಾರ್ಥಿಗಳಲ್ಲಿ ಹಳ್ಳಿಗಳಿಂದ ಬಂದವರು ರಜೆಗೆ ಮನೆಗೆ ಹೋಗುವಾಗ ಕ್ಯಾಮೆರಾವನ್ನು ಕೇಳಿ ಒಯ್ಯುತ್ತಾರೆ. ನಗರವಾಸಿಗಳು ಅವರನ್ನು ಕಂಡು ಹೊಟ್ಟೆಕಿಚ್ಚು ಪಡುವ ಕೆಲವೇ ಸಂದರ್ಭಗಳಲ್ಲಿ ಇದೊಂದು.

ಮುಂದಿನ ಹೆಜ್ಜೆಗೆ, ಅಂದರೆ ಆಕಾಶದೊಡನೆ ಕ್ಯಾಮೆರಾವನ್ನು ತಿರುಗಿಸುವ ಏರ್ಪಾಡಿಗೆ, ಅಂಗಡಿಯಲ್ಲಿ ಮೋಟಾರುಳ್ಳ ಪೀಠಗಳು ಸಿಗುತ್ತವೆ. ಅವುಗಳ ಬೆಲೆ ನಾವು ಕೊಂಡ ಹಳೆಯ ಕ್ಯಾಮೆರಾದ ಬೆಲೆಯನ್ನು ಮೀರುತ್ತದೆ. ಆದರೆ ಸ್ಕಾಟ್ಲೆಂಡಿನ ಹವ್ಯಾಸಿ ಜಿ. ವೈ. ಹೇಗ್ ಎಂಬುವರು 1970ರ ದಶಕದಲ್ಲಿ ಪ್ರಚಾರಕ್ಕೆ ತಂದ ಒಂದು ಸರಳ ಯುಕ್ತಿಯುಂಟು. ಎರಡು ಹಲಗೆಗಳನ್ನು ಒಂದರ ಮೇಲೊಂದಿಟ್ಟು, ಬಾಗಿಲಿಗೆ ಹಾಕುವ ಹಿಂಜಿನಿಂದ ಒಂದು ಬದಿಯಲ್ಲಿ ಜೋಡಿಸುವುದು. ಕೆಳಗಿನ ಹಲಗೆಗೆ ಒಂದು ನಟ್ಟನ್ನು ಕೂರಿಸಿ, ಅದರ ಮೂಲಕ ಒಂದು ಬೋಲ್ಟನ್ನು ಮೇಲಕ್ಕೆ ತಿರುಗಿಸಿದರೆ ಮೇಲಿನ ಹಲಗೆಯು ಪುಸ್ತಕದ ರಟ್ಟಿನಂತೆ ಮೆಲ್ಲಗೆ ತೆರೆದುಕೊಳ್ಳುತ್ತದೆ. ಕ್ಯಾಮೆರಾ ಇರುವುದು ಮೇಲಿನ ಹಲಗೆಯ ಮೇಲೆ. ಹಿಂಜಿನ ಅಕ್ಷವು ಧ್ರುವನಕ್ಷತ್ರದ ಕಡೆಗೆ ನೆಟ್ಟಿರಬೇಕು. ಉತ್ತರಕ್ಕೆ ಮುಖ ಮಾಡಿ ನಿಂತರೆ ಹಿಂಜು ನಮ್ಮ ಎಡಗಡೆಗೆ, ಎಂದರೆ ಪಶ್ಚಿಮಕ್ಕೆ, ಬೋಲ್ಟು ಪೂರ್ವಕ್ಕೆ ಇರಬೇಕು.

ಹಿಂಜಿಗೂ ಬೋಲ್ಟಿಗೂ ಇರಬೇಕಾದ ಅಂತರವನ್ನು ಹೀಗೆ ಕಂಡುಹಿಡಿಯಬಹುದು. ನಕ್ಷತ್ರಗಳನ್ನು ಕುರಿತಂತೆ ಭೂಮಿಯು ಒಂದು ಸುತ್ತು ತಿರುಗಲು 86,164 ಸೆಕೆಂಡುಗಳು ಹಿಡಿಯುತ್ತವೆ. ಅಂದರೆ ನಿಮಿಷಕ್ಕೆ 0.004375 ರೇಡಿಯನ್. ಅಂಗಡಿಯಲ್ಲಿ ಸಾಧಾರಣವಾಗಿ ಸಿಗುವ 6 ಮಿಲಿಮೀಟರು ದಪ್ಪದ ಬೋಲ್ಟು ಒಂದು ಸುತ್ತಿಗೆ ಒಂದು ಮಿಲಿಮೀಟರು ಮುಂದೆ ಸರಿಯುತ್ತದೆ. ನಿಮಿಷಕ್ಕೆ ಒಂದು ಸುತ್ತು ತಿರುಗಿಸಬೇಕೆಂದಾದರೆ ಅಂತರವು ಒಂದನ್ನು 0.004375ರಿಂದ ಭಾಗಿಸಿದಷ್ಟು, ಎಂದರೆ ಸುಮಾರು 229 ಮಿಲಿಮೀಟರು ಆಗಬೇಕು. ಇದಿಷ್ಟೇ ಲೆಕ್ಕ. ಬೋಲ್ಟಿನ ತಲೆಗೆ ಒಂದು ಸಣ್ಣ ತಟ್ಟೆಯನ್ನು ಅಂಟಿಸಿ, ಅದರ ಮೇಲೊಂದು ಗೀಟನ್ನು ಎಳೆದು, ಕೈಗಡಿಯಾರದ ಸೆಕೆಂಡಿನ ಮುಳ್ಳನ್ನು ನೋಡುತ್ತ ಅದರ ಜೊತೆಗೇ ಕೈಯಿಂದ ತಿರುಗಿಸಿಕೊಂಡು ಹೋಗಬೇಕು. ಕೈ ಸೋತವರು ಸಣ್ಣ ಸ್ಟೆಪ್ಪರ್ ಮೋಟಾರನ್ನು ಜೋಡಿಸಬಹುದು. ಎಲೆಕ್ಟ್ರಾನಿಕ್ಸ್ ಅಭ್ಯಾಸ ಮಾಡುವವರಿಗೆ ಅದು ಒಂದು ಸಂಜೆಯ ಕೆಲಸ.

ಹಲಗೆ, ಹಿಂಜು, ಬೋಲ್ಟುಗಳಿಂದಾದ ಈ ಯಂತ್ರವು ಎಷ್ಟರಮಟ್ಟಿಗೆ ನಂಬತಕ್ಕುದೆಂದು ಸಂದೇಹ ಬರುವುದು ಸಹಜ. ಮೂರು ದೋಷಗಳನ್ನು ಪರಿಶೀಲಿಸೋಣ. ಅಂತರವನ್ನು ಅಳೆಯುವಾಗ ಒಂದು ಮಿಲಿಮೀಟರು ತಪ್ಪಿದರೆ ನಿಮಿಷಕ್ಕೆ ನಾಲ್ಕು ವಿಕಲೆಗಳಷ್ಟು ಹಿಂದೆಬೀಳುತ್ತೇವೆ ಅಥವಾ ಮುಂದೆ ಹೋಗುತ್ತೇವೆ. ಧ್ರುವನಕ್ಷತ್ರವು ನಿಜವಾದ ಧ್ರುವಬಿಂದುವಿನಿಂದ ಡಿಗ್ರಿಯ ಮೂರರಲ್ಲೆರಡು ಭಾಗದಷ್ಟು ದೂರವಿದೆ. ಅದನ್ನೇ ಧ್ರುವವೆಂದು ಭಾವಿಸಿ ಹಿಂಜನ್ನು ನೆಟ್ಟರೆ ಹುಟ್ಟುವ ದೋಷವು ಹೆಚ್ಚೆಂದರೆ ನಿಮಿಷಕ್ಕೆ ಹತ್ತು ಹನ್ನೊಂದು ವಿಕಲೆ. ಕಡೆಯದಾಗಿ, ನೆಟ್ಟನೆಯ ಬೋಲ್ಟು ವೃತ್ತಾಕಾರದ ಚಲನೆಯನ್ನು ಸರಳರೇಖೆಯಿಂದ ಅನುಕರಿಸುವುದರಿಂದ ಕೋನವು ಬೆಳೆದಂತೆ ದೋಷವೂ ಬೆಳೆಯುತ್ತದೆ: ಹತ್ತು ನಿಮಿಷಗಳ ಕಡೆಗೆ ಆರು ವಿಕಲೆ, ಇಪ್ಪತ್ತು ನಿಮಿಷಗಳ ಕಡೆಗೆ ಸುಮಾರು 46 ವಿಕಲೆ. ನಮ್ಮ 50 ಮಿಲಿಮೀಟರಿನ ಮಸೂರದಲ್ಲಿ ಒಂದು ಪಿಕ್ಸೆಲು ಹದಿನೆಂಟು ವಿಕಲೆ ಎಂಬುದನ್ನು ನೆನೆದರೆ, ಹತ್ತು ನಿಮಿಷಕ್ಕೊಮ್ಮೆ ಹಲಗೆಯನ್ನು ಮುಚ್ಚಿ ಮೊದಲಿನಿಂದ ಆರಂಭಿಸುತ್ತ ಒಂದೊಂದು ನಿಮಿಷದ ಚಿತ್ರಗಳನ್ನು ನಿಶ್ಚಿಂತೆಯಿಂದ ತೆಗೆಯಬಹುದೆಂದು ಸಿದ್ಧವಾಗುತ್ತದೆ. ಮೂರು ಸೆಕೆಂಡು ಅರವತ್ತಾಯಿತು. 200 ಮಿಲಿಮೀಟರಿನ ಮಸೂರವನ್ನು ಇದೇ ಹಲಗೆಯ ಮೇಲೆ ಕೂರಿಸಿದರೆ ಮಾತ್ರ ಪಿಕ್ಸೆಲಿಗೆ ನಾಲ್ಕೂವರೆ ವಿಕಲೆಯಾಗಿ, ಮೇಲಿನ ದೋಷಗಳೆಲ್ಲ ಒಂದೊಂದಾಗಿ ತಲೆಯೆತ್ತುತ್ತವೆ.

ನಮ್ಮ ನಾಡಿಗೆ ವಿಶಿಷ್ಟವಾದ ಒಂದು ತೊಡಕನ್ನು ಇಲ್ಲಿ ಹೇಳದೆ ಬಿಡುವಂತಿಲ್ಲ. ಪಾಶ್ಚಾತ್ಯರ ಕೈಪಿಡಿಗಳೆಲ್ಲ ಧ್ರುವನಕ್ಷತ್ರವು ಆಕಾಶದಲ್ಲಿ ಅರ್ಧದೆತ್ತರಕ್ಕೆ ಇರುವ ನಾಡುಗಳಲ್ಲಿ ಬರೆದವು. ಅದರ ಎತ್ತರ ಆಯಾ ಊರಿನ ಅಕ್ಷಾಂಶದಷ್ಟೇ ಇರುವುದರಿಂದ ಬೆಂಗಳೂರಿನಲ್ಲಿ ಅದು 13 ಡಿಗ್ರಿ, ಧಾರವಾಡದಲ್ಲಿ ಹದಿನೈದೂವರೆ, ಬೀದರಿನಲ್ಲಿ ಹದಿನೆಂಟು. ಮೈಸೂರಿನ ವಿದ್ಯಾರ್ಥಿಗೆ ಅದು ಎದುರುಮನೆಯ ತೆಂಗಿನ ಮರದ ಹಿಂದೆಯೋ ದಿಗಂತದ ಮಂಜಿನಲ್ಲಿಯೋ ಮರೆಯಾಗಿರುತ್ತದೆ. ಆದುದರಿಂದ ಉತ್ತರ ದಿಕ್ಕು ಬಯಲಾಗಿರುವ ಸ್ಥಳವನ್ನು ಹಗಲಿನಲ್ಲಿಯೇ ನೋಡಿಟ್ಟುಕೊಳ್ಳಬೇಕು. ಹಲಗೆಯ ಹಿಂಜು ಹೆಚ್ಚುಕಡಮೆ ನೆಲಕ್ಕೆ ಸಮಾನಾಂತರವಾಗಿ ಮಲಗುವುದರಿಂದ, ಕ್ಯಾಮೆರಾದ ಭಾರಕ್ಕೆ ಅದು ಒಂದು ಕಡೆ ವಾಲದಂತೆ ಕೆಳಗೆ ದಪ್ಪನೆಯ ಮರದ ಬೆಣೆಯನ್ನು ಅಕ್ಷಾಂಶದ ಕೋನಕ್ಕೆ ಕೊಯ್ಸಿ ಕೊಡುವುದು ಲೇಸು. ನಮ್ಮ ವಿಭಾಗದ ಮೊದಲ ಹಲಗೆ ಕೈಪಿಡಿಯ ಚಿತ್ರವನ್ನು ನೋಡಿ ಮಾಡಿದುದು. ಕ್ಯಾಮೆರಾ ಸಮೇತ ಅದು ಮಗುಚಿಕೊಂಡ ಮೇಲೆ ಈ ಬೆಣೆಯ ಜ್ಞಾನೋದಯವಾಯಿತು.

ದೂರದರ್ಶಕದ ಮಾತು ಕಡೆಗೆ ಬಂದುದು ಉದ್ದೇಶಪೂರ್ವಕ. ಪೆಟ್ಟಿಗೆಯ ಮೇಲೆ ಐನೂರು ಪಟ್ಟು ವರ್ಧನವೆಂದು ಅಚ್ಚುಹಾಕಿದ 60 ಮಿಲಿಮೀಟರಿನ ದೂರದರ್ಶಕವೊಂದನ್ನು ಲೇಖಕನು ವಿದ್ಯಾರ್ಥಿ ದೆಸೆಯಲ್ಲಿ, ತಿಂಗಳುಗಟ್ಟಲೆ ಹಣ ಕೂಡಿಟ್ಟು ಕೊಂಡಿದ್ದನು. ಮಸೂರದ ವ್ಯಾಸದ ಒಂದೊಂದು ಮಿಲಿಮೀಟರಿಗೆ ಎರಡು ಪಟ್ಟು ವರ್ಧನವೇ ಪರಮಾವಧಿ, ಅರವತ್ತಕ್ಕೆ ನೂರಿಪ್ಪತ್ತು. ಅದಕ್ಕೂ ಮಿಗಿಲಾಗಿ ಅದರ ಕಾಲುಗಳು ಉಸಿರಾಡಿದರೆ ನಡುಗುತ್ತಿದ್ದವು. ಅಂತಹ ಪೀಠದ ಮೇಲೆ ಎಷ್ಟು ಒಳ್ಳೆಯ ಮಸೂರವಿದ್ದರೂ ಚಿತ್ರ ಬಾರದು. ಚಂದ್ರ ಮತ್ತು ಗ್ರಹಗಳ ವಿಷಯ ಮಾತ್ರ ಬೇರೆ. ಅವು ಬೆಳಕಿಗೆ ಬಡವಲ್ಲ, ಬೇಕಾದುದು ಹಿಗ್ಗಿಸುವಿಕೆ. 50 ಮಿಲಿಮೀಟರಿನ ಮಸೂರದಲ್ಲಿ ಚಂದ್ರಬಿಂಬವು ಅರ್ಧ ಮಿಲಿಮೀಟರಿಗೂ ಕಡಮೆ; 1,200 ಮಿಲಿಮೀಟರು ಸಂಗಮದೂರದ ದರ್ಪಣದಲ್ಲಿ ಸುಮಾರು 11 ಮಿಲಿಮೀಟರು. ಅಮೆರಿಕದ ಜಾನ್ ಡಾಬ್ಸನ್ ರೂಢಿಗೆ ತಂದ ಸರಳವಾದ ಮರದ ಪೀಠದ ಮೇಲೆ ಆರು ಅಂಗುಲದ ದರ್ಪಣ ದೂರದರ್ಶಕವನ್ನು ಕೂರಿಸಿ, ನೇತ್ರಮಸೂರಕ್ಕೆ ಮೊಬೈಲ್ ಫೋನನ್ನು ಹಿಡಿದು ಚಲಚ್ಚಿತ್ರ ತೆಗೆದು, ಅದರ ಸಾವಿರಾರು ಬಿಡಿಚಿತ್ರಗಳಲ್ಲಿ ವಾಯುಮಂಡಲವು ಒಂದು ಕ್ಷಣ ಸ್ತಬ್ಧವಾಗಿದ್ದಾಗ ಬಂದ ಕೆಲವನ್ನು ಮಾತ್ರ ಆರಿಸಿ ಸರಾಸರಿ ತೆಗೆದರೆ ಗುರುವಿನ ಪಟ್ಟೆಗಳು ಕಾಣುತ್ತವೆ. ಸೂರ್ಯನ ಕಡೆಗೆ, ಮುಂಭಾಗಕ್ಕೆ ತಕ್ಕ ಶೋಧಕವನ್ನು ಹಾಕದೆ, ಯಾವ ಉಪಕರಣವನ್ನೂ ಎಂದಿಗೂ ತಿರುಗಿಸಕೂಡದು. ಕಣ್ಣು ಒಂದು ಕ್ಷಣದಲ್ಲಿ ಹೋಗುತ್ತದೆ.

ಇನ್ನು ಈ ಚಿತ್ರಗಳಿಂದ ಪ್ರಯೋಜನವೇನೆಂಬ ಪ್ರಶ್ನೆ. ಸಂಶೋಧನ ಪತ್ರಿಕೆಯೊಂದರಲ್ಲಿ ಹವ್ಯಾಸದ ವಿಷಯಕ್ಕೆ ಸ್ಥಳ ಕೊಟ್ಟುದಕ್ಕೆ ಸಮಾಧಾನವನ್ನು ಹೇಳಬೇಕಾಗಿದೆ. ಆ ಸಮಾಧಾನವು ನಮ್ಮದೇ ಒಂದು ನಷ್ಟದ ಕಥೆ.

ನಾವು ಉದಾಹರಣೆಗೆ ಆರಿಸಿಕೊಂಡ ಮಹಾವ್ಯಾಧದ ಚಿತ್ರವು 25 ಡಿಗ್ರಿ ಉದ್ದ, 17 ಡಿಗ್ರಿ ಅಗಲದ ಆಕಾಶವನ್ನು ಒಳಗೊಳ್ಳುತ್ತದೆ. ನೀಹಾರಿಕೆಯ ಜೊತೆಗೆ ವ್ಯಾಧನ ಭುಜದಲ್ಲಿ ಕೆಂಪಾಗಿ ಹೊಳೆಯುವ ಆರ್ದ್ರಾ ನಕ್ಷತ್ರವೂ, ಅದರ ಎದುರು ಭುಜದ ಬೆಲ್ಲಾಟ್ರಿಕ್ಸ್ ನಕ್ಷತ್ರವೂ ಅದರಲ್ಲಿ ಸೇರುತ್ತವೆ. ಆರ್ದ್ರೆಯ ಕಾಂತಿ ಕಾಲಾನುಕ್ರಮದಲ್ಲಿ ವ್ಯತ್ಯಾಸವಾಗುತ್ತದೆಂಬುದು ಬಹುಕಾಲದಿಂದ ತಿಳಿದ ವಿಷಯ. ಸಾಮಾನ್ಯವಾಗಿ 0.5ರ ಆಸುಪಾಸಿನಲ್ಲಿರುವ ಅದರ ಕಾಂತಿಮಾನವು 2019ರ ಕಡೆಯ ತಿಂಗಳುಗಳಲ್ಲಿ ಕುಗ್ಗತೊಡಗಿ, 2020ರ ಫೆಬ್ರವರಿಯಲ್ಲಿ ಸುಮಾರು 1.6ಕ್ಕೆ ಇಳಿಯಿತು, ಬೆಲ್ಲಾಟ್ರಿಕ್ಸಿಗೆ ಸಮನಾಯಿತು. ಅನಂತರ ಮೆಲ್ಲನೆ ಚೇತರಿಸಿಕೊಂಡಿತು. ಆ ನಕ್ಷತ್ರವು ಹೊರಚೆಲ್ಲಿದ ದ್ರವ್ಯವು ತಣಿದು ಧೂಳಾಗಿ ನಮ್ಮ ದೃಷ್ಟಿಗೆ ಅಡ್ಡಬಂದುದೇ ಇದಕ್ಕೆ ಮುಖ್ಯ ಕಾರಣವೆಂದು 2021ರಲ್ಲಿ ಪ್ರಕಟವಾದ ಸಂಶೋಧನೆ ವಿವರಿಸಿತು. ಆ ಚಳಿಗಾಲದಲ್ಲಿ ಜಗತ್ತಿನ ನಾನಾ ಕಡೆಗಳ ಹವ್ಯಾಸಿಗಳು ಬರಿಗಣ್ಣಿನಿಂದಲೂ ಸಾಮಾನ್ಯ ಕ್ಯಾಮೆರಾಗಳಿಂದಲೂ ಅಳೆದು ಕಳುಹಿಸಿದ ಅಂಕಗಳು, 1911ರಲ್ಲಿ ಸ್ಥಾಪಿತವಾದ ಅಮೆರಿಕದ ಚರತಾರಾ ವೀಕ್ಷಕರ ಸಂಘದ ಭಂಡಾರವನ್ನು ಸೇರಿವೆ.

ಅದೇ ಚಳಿಗಾಲದಲ್ಲಿ ನಮ್ಮ ವಿದ್ಯಾರ್ಥಿಗಳು ಹನ್ನೊಂದು ರಾತ್ರಿ ಮಹಾವ್ಯಾಧನ ಚಿತ್ರಗಳನ್ನು ತೆಗೆದಿದ್ದರು. ಆರ್ದ್ರೆ ಮಂಕಾಗಿದೆಯೆಂಬ ವರ್ತಮಾನ ತಿಳಿದು ನಾವು ಹಳೆಯ ಚಿತ್ರಗಳನ್ನು ಹುಡುಕಹೋದಾಗ ದೊರೆತುದು ಫೋನಿನಿಂದ ಫೋನಿಗೆ ಕಳುಹಿಸಿ ಕುಗ್ಗಿಹೋದ ಸುಂದರ ಚಿತ್ರಗಳು ಮಾತ್ರ. ಮೂಲ ಕಡತಗಳನ್ನು ಸ್ಥಳ ಸಾಲದೆಂದು ಅಳಿಸಿದ್ದರು. ಉಳಿದ ಒಂದು ರಾತ್ರಿಯ ಕಡತಗಳಲ್ಲಿ ಕ್ಯಾಮೆರಾದ ಗಡಿಯಾರವು ಎರಡು ವರ್ಷ ಹಿಂದಿನ ತಾರೀಖನ್ನು ತೋರಿಸುತ್ತಿತ್ತು. ಅವರಿಗೆ ಹೇಳಿಕೊಡಬೇಕಾದುದನ್ನು ಹೇಳಿಕೊಡದ ತಪ್ಪು ಲೇಖಕನದು. ಬೆಳಕು ಸಂವೇದಕದ ಮೇಲೆ ಬಿದ್ದಿತ್ತು. ಅಳತೆ ಮಾತ್ರ ನಮ್ಮ ಕೈಯಲ್ಲಿ ಉಳಿಯಲಿಲ್ಲ.

ಆದುದರಿಂದ ಈಗ ನಮ್ಮಲ್ಲಿ ಕ್ಯಾಮೆರಾದ ಜೊತೆಗೆ ಒಂದು ದಪ್ಪ ನೋಟುಪುಸ್ತಕವೂ ಹೋಗುತ್ತದೆ. ತಾರೀಖು, ಭಾರತೀಯ ಕಾಲಮಾನದಲ್ಲಿ ಆರಂಭ ಮತ್ತು ಮುಕ್ತಾಯ, ಸ್ಥಳ, ಮಸೂರ, ದ್ವಾರ, ಒಡ್ಡುವ ಕಾಲ, ಮೋಡದ ಸ್ಥಿತಿ ಇಷ್ಟನ್ನೂ ಅಲ್ಲಿಯೇ ಬರೆಯಬೇಕು. ಹೊರಡುವ ಮೊದಲು ಕ್ಯಾಮೆರಾದ ಗಡಿಯಾರವನ್ನು ಸರಿಪಡಿಸಬೇಕು. ಮೂಲ ಕಡತಗಳನ್ನು ಎರಡು ಕಡೆ ಉಳಿಸಬೇಕು. ಕಾಂತಿಯನ್ನು ಅಳೆಯುವುದಕ್ಕಾಗಿ ಪ್ರತಿ ರಾತ್ರಿಯೂ ಕಡೆಗೆ ಇಪ್ಪತ್ತು ಚಿತ್ರಗಳನ್ನು ಬೇಕೆಂದೇ ಮಸೂರವನ್ನು ಸ್ವಲ್ಪ ಹೊಂದಿಕೆ ತಪ್ಪಿಸಿ ತೆಗೆಯುತ್ತೇವೆ. ಹೊಂದಿಕೆ ಸರಿಯಿದ್ದರೆ ಆರ್ದ್ರೆಯಂತಹ ಪ್ರಕಾಶಮಾನ ನಕ್ಷತ್ರದ ಬೆಳಕು ನಾಲ್ಕಾರು ಪಿಕ್ಸೆಲುಗಳಲ್ಲಿ ತುಂಬಿ ತುಳುಕಿ ಲೆಕ್ಕಕ್ಕೆ ಸಿಗುವುದಿಲ್ಲ; ಉಂಡೆಯಾಗಿ ಹರಡಿದರೆ ಸಿಗುತ್ತದೆ. ಮೊದಲ ಚಳಿಗಾಲದ ಬೋಂಡಗಳಿಗೆ ಹೀಗೆ ಒಂದು ಸದ್ಗತಿ ದೊರೆಯಿತು. ಆರ್ದ್ರೆಯು ಕೆಂಪು, ಬೆಲ್ಲಾಟ್ರಿಕ್ಸ್ ನೀಲಿಯಾದುದರಿಂದ ಸಂವೇದಕದ ಹಸುರು ಪಿಕ್ಸೆಲುಗಳನ್ನು ಮಾತ್ರ ಬೇರ್ಪಡಿಸಿ ಹೋಲಿಸಬೇಕು; ಬಣ್ಣದ ವ್ಯತ್ಯಾಸಕ್ಕಾಗಿ ಒಂದು ತಿದ್ದುಪಡಿಯನ್ನೂ ಮಾಡಬೇಕು.

ಚಿತ್ರದ ನಡುವಿನ ವಸ್ತುವನ್ನು ಮಾತ್ರ ನೋಡದೆ ಮೂಲೆಗಳನ್ನೂ ನೋಡುವುದು ಇನ್ನೊಂದು ಅಭ್ಯಾಸ. 1949ರಲ್ಲಿ ಹಾರ್ವರ್ಡಿನಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದ ವೈನು ಬಪ್ಪು ಅವರು ತಾವು ತೆಗೆದ ಫಲಕವೊಂದನ್ನು ಪರಿಶೀಲಿಸುವಾಗ ಅಲ್ಲಿ ಇರಬಾರದ ಮಬ್ಬು ಗುರುತೊಂದನ್ನು ಕಂಡರು. ಅದು ಹೊಸ ಧೂಮಕೇತುವಾಗಿತ್ತು. ಬಪ್ಪು-ಬಾಕ್-ನ್ಯೂಕರ್ಕ್ ಎಂದು ಅದಕ್ಕೆ ಹೆಸರಾಯಿತು. ಮುಂದೆ 1971ರಲ್ಲಿ ಸ್ವಾಯತ್ತ ಸಂಸ್ಥೆಯಾಗಿ ರೂಪುಗೊಂಡ, ಈಗ ಬೆಂಗಳೂರಿನಲ್ಲಿ ಮುಖ್ಯ ಕಚೇರಿಯುಳ್ಳ ಭಾರತೀಯ ಖಭೌತ ಸಂಸ್ಥೆಗೆ ಅವರೇ ಮೊದಲ ನಿರ್ದೇಶಕರಾದರು.

ಹಲಗೆಯ ಅಳತೆಗಳ ನಕ್ಷೆಯನ್ನೂ, ಬೆಣೆಯನ್ನು ಆಯಾ ಊರಿನ ಅಕ್ಷಾಂಶಕ್ಕೆ ಕೊಯ್ಯಲು ಬೇಕಾದ ಕೋನಗಳ ಪಟ್ಟಿಯನ್ನೂ ವಿಭಾಗದ ಪ್ರಯೋಗಶಾಲೆಯಲ್ಲಿ ಇಡಲಾಗಿದೆ. ಹಲಗೆಗಳು ಈಗ ಮೂರು ಇವೆ. ನವೆಂಬರಿನಲ್ಲಿ ಮಳೆ ಕಳೆದು ಆಕಾಶ ತಿಳಿಯಾದ ಮೇಲೆ, ಅಮಾವಾಸ್ಯೆಯ ಹತ್ತಿರದ ವಾರಗಳಲ್ಲಿ, ನೋಟುಪುಸ್ತಕದ ಜೊತೆಗೆ ಅವುಗಳನ್ನು ವಿದ್ಯಾರ್ಥಿಗಳಿಗೆ ಎರವಲು ಕೊಡಲಾಗುವುದು.